ಮೀನಿನ ಟೊಮೇಟೊ ಮಾರುಕಟ್ಟೆಗೆ ಬಂದೇ ಇಲ್ಲ

ಕುಲಾಂತರಿ, ಅಂದರೆ ಜೀನ್ ಮಾರ್ಪಡಿಸಿದ ಆಹಾರದ ಬಗೆಗಿನ ನಿಮ್ಮ ಲೇಖನದಲ್ಲಿ, 1994ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಕುಲಾಂತರಿ ಟೊಮೇಟೊದಲ್ಲಿ ಮೀನಿನ ಜೀನ್ ಇತ್ತು ಎಂದು ಬರೆದಿದ್ದೀರಿ. ಇಲ್ಲ ಸ್ವಾಮಿ, ಎರಡು ಬೇರೆ ಬೇರೆ ಕಥೆ ಸೇರಿಹೋಗಿವೆ. ಆಗ ಬಂದದ್ದು ಫ್ಲೇವರ್ ಸೇವರ್ ಎಂಬ ಟೊಮೇಟೊ. ಟೊಮೇಟೊ ಹಣ್ಣಾಗುವಾಗ ಕೋಶಭಿತ್ತಿಯನ್ನು ಗಟ್ಟಿಯಾಗಿಡುವ ಪೆಕ್ಟಿನ್ ಎಂಬ ವಸ್ತುವನ್ನು ಕರಗಿಸುವ ಕಿಣ್ವವೊಂದಿದೆ. ಅದನ್ನು ತಯಾರಿಸುವ ಟೊಮೇಟೊದ್ದೇ ಜೀನನ್ನು ತಿರುವುಮುರುವಾಗಿ ಸೇರಿಸಿ ಕಿಣ್ವವನ್ನು ತಗ್ಗಿಸಿದ್ದರು. ಹಣ್ಣು ಬೇಗ ಮೆತ್ತಗಾಗಬಾರದು, ಅಷ್ಟೇ. ಚಳಿ ತಡೆಯಲೆಂದು ಮೀನಿನ ಜೀನ್ ಹಾಕಿ ನೋಡಿದ ಪ್ರಯೋಗವೇ ಬೇರೆ, ಅದು ಅಂಗಡಿ ಮುಟ್ಟಲಿಲ್ಲ.

ಮೀನಿನ ಮಾತೇ ಬೇಕಿದ್ದರೆ ಕುಲಾಂತರಿ ಸಾಲ್ಮನ್ ಮೀನಿನ ಕಥೆ ಇದೆಯಲ್ಲ. ಅಟ್ಲಾಂಟಿಕ್ ಸಾಲ್ಮನ್‌ಗೆ ಚಿನೂಕ್ ಸಾಲ್ಮನ್‌ನ ಬೆಳವಣಿಗೆ ಹಾರ್ಮೋನಿನ ಜೀನ್, ಅದು ವರ್ಷವಿಡೀ ಕೆಲಸ ಮಾಡುತ್ತಿರಲೆಂದು ಓಷನ್ ಪೌಟ್ ಎಂಬ ಮತ್ತೊಂದು ಮೀನಿನ ಡಿಎನ್‌ಎ ತುಣುಕು ಸೇರಿಸಿದ್ದರು. 2015ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ತಪ್ಪಿಸಿಕೊಂಡು ಕಾಡುಮೀನುಗಳ ಜೊತೆ ಬೆರೆತರೆ ಎಂಬ ಭಯ ಇದ್ದೇ ಇತ್ತು. ಹಾಗಾಗಿ ಬರೀ ಹೆಣ್ಣುಮೀನು, ಅವೂ ಸಂತಾನವಾಗದಂತೆ ಮಾಡಿದವು, ನೆಲದ ಮೇಲಿನ ತೊಟ್ಟಿಗಳಲ್ಲಷ್ಟೇ ಸಾಕುತ್ತಿದ್ದರು.

ನಾನೇನೂ ಕುಲಾಂತರಿ ಪರ ವಕಾಲತ್ತು ವಹಿಸುತ್ತಿಲ್ಲ. ಕಳೆನಾಶಕಕ್ಕೆ ಜಗ್ಗದ ಬೆಳೆ ಬಂದ ಮೇಲೆ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನೇ ಸುರಿದೂ ಸುರಿದೂ, ಈಗ ಅದಕ್ಕೆ ಬಗ್ಗದ ಕಳೆಗಳೇ ಎದ್ದು ನಿಂತಿವೆ. ಬೀಜದ ಪೇಟೆಂಟಿನ ತಕರಾರೂ ಸಣ್ಣದಲ್ಲ. ಇವೆರಡಕ್ಕೆ ಲೇಖನದಲ್ಲಿ ಒಂದೊಂದೇ ಸಾಲು!

ಅಂದಹಾಗೆ ಲೇಖನದಲ್ಲಿ ಚೀಸ್ ಎಲ್ಲಿ ಹೋಯಿತು? ಹಾಲು ಒಡೆಯುವ ಕೈಮೋಸಿನ್ ಕಿಣ್ವವನ್ನು ಹಿಂದೆ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. 1990ರಲ್ಲಿ ಅಮೆರಿಕ ಒಪ್ಪಿದ ಮೇಲೆ ಹೆಚ್ಚಾಗಿ ಜೀನ್ ಮಾರ್ಪಡಿಸಿದ ಸೂಕ್ಷ್ಮಜೀವಿಗಳೇ ಅದನ್ನು ತಯಾರಿಸುತ್ತಿವೆ. ಅದಕ್ಕೆ ಯಾರೂ ಬೈದದ್ದು ನಾನಂತೂ ಕೇಳಿಲ್ಲ. ಟೊಮೇಟೊ ಸಾಲೊಂದನ್ನು ದಯವಿಟ್ಟು ತಿದ್ದಿ.