ಸ್ಪಷ್ಟನೆ: ಯುರೋಪಿನಲ್ಲೆಲ್ಲ ಬಸ್ಸು, ರೈಲು ಫ್ರೀ ಅಲ್ಲ

‘ಯುರೋಪಿನಲ್ಲಿ ಬಸ್ಸು, ರೈಲು ಎಲ್ಲರಿಗೂ ಫ್ರೀ, ಟಿಕೆಟ್ಟೇ ಬೇಡ’ ಅನ್ನುವ ವಾಟ್ಸಾಪ್ ಮೆಸೇಜ್ ತಪ್ಪು.

ಹೀಗೆ ದೇಶದ ತುಂಬ, ಪ್ರವಾಸಿಗಳಿಗೂ ಸೇರಿಸಿ ಫ್ರೀ ಮಾಡಿದ್ದು ಪುಟ್ಟ ಲಕ್ಸೆಂಬರ್ಗ್. 2020ರ ಫೆಬ್ರುವರಿ 29ರಿಂದ ಅಲ್ಲಿನ ಸರ್ಕಾರ ಬಸ್ಸು, ಟ್ರಾಮ್, ರೈಲಿಗೆ ಟಿಕೆಟ್ ತೆಗೆದುಹಾಕಿತು. ಒಳ್ಳೆಯ ಕೆಲಸವೇ. ಆದರೆ ರೈಲಿನ ಫಸ್ಟ್ ಕ್ಲಾಸಿಗೆ ಈಗಲೂ ದುಡ್ಡು ಕೊಡಬೇಕು. ಗಡಿ ದಾಟಿ ಜರ್ಮನಿಯ ಟ್ರಿಯರ್‌ಗೋ ಫ್ರಾನ್ಸಿನ ಮೆಟ್ಜ್‌ಗೋ ಹೊರಟರೆ ಆಚೆ ಭಾಗಕ್ಕೆ ಟಿಕೆಟ್ ಬೇಕೇ ಬೇಕು.

ಎಸ್ಟೋನಿಯಾದ ಟ್ಯಾಲಿನ್ ನಗರದಲ್ಲಿ 2013ರಿಂದ ಫ್ರೀ ಇರುವುದು ಅಲ್ಲಿ ನಿವಾಸಿಗಳಾಗಿ ನೋಂದಾಯಿಸಿಕೊಂಡವರಿಗೆ. ಹೊರಗಿನಿಂದ ಹೋದ ದೊಡ್ಡವರು ಟಿಕೆಟ್ ಕೊಳ್ಳಲೇಬೇಕು.

ಇದನ್ನು ನಂಬಿ ಟಿಕೆಟ್ಟಿಲ್ಲದೆ ಹತ್ತಿದವರು ದಂಡ ಕಟ್ಟಬೇಕಾಗುತ್ತದೆ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.