ಬಂದೂಕಿಗೆ ಸ್ವಾಗತ, ಕಾಗದಕ್ಕೆ ತಡೆ

ಅಮೆರಿಕದ ಟೆನೆಸಿ ರಾಜ್ಯದ ಶಾಸನಸಭೆ ನೋಡುವ ಆಸೆಯಿರುವವರಿಗೆ ಒಂದು ಹಿತವಚನ. ಸೊಂಟದಲ್ಲಿ ಪಿಸ್ತೂಲು, ಜೇಬಿನಲ್ಲಿ ಪರವಾನಗಿ ಇದ್ದರೆ ಶಾಸಕರ ಕಚೇರಿಗಳಿರುವ ಕಟ್ಟಡದೊಳಗೆ ನಿಶ್ಚಿಂತೆಯಿಂದ ಹೋಗಬಹುದು. ಕೈಯಲ್ಲಿ ಕಾಗದ ಮಾತ್ರ ಹಿಡಿಯಬೇಡಿ. 2023ರ ಆಗಸ್ಟ್‌ನಲ್ಲಿ, ಎಲ್ಲ ಬಂದೂಕುಗಳಿಗಿಂತ ಒಂದು ಮಗು ದೊಡ್ಡದು ಎಂಬರ್ಥದ ಚೀಟಿ ಹಿಡಿದಿದ್ದ ಮಹಿಳೆಯೊಬ್ಬರನ್ನು ಪೊಲೀಸರು ಸಮಿತಿ ಸಭೆಯಿಂದ ಹೊರಗೆ ಕಳುಹಿಸಿದರು. ಆ ವಿಶೇಷ ಅಧಿವೇಶನ ಕರೆದದ್ದೇ ನ್ಯಾಶ್‌ವಿಲ್‌ನ ಶಾಲೆಯೊಂದರಲ್ಲಿ ಮೂವರು ಮಕ್ಕಳೂ ಮೂವರು ದೊಡ್ಡವರೂ ಗುಂಡಿಗೆ ಬಲಿಯಾದ ಮೇಲೆ, ಸಾರ್ವಜನಿಕ ಸುರಕ್ಷತೆಯ ಚರ್ಚೆಗೆ! ಚೀಟಿಯ ಮೇಲಿನ ನಿಷೇಧಕ್ಕೆ ನ್ಯಾಯಾಲಯ ತಡೆ ಹಾಕಿತು. ಇಲ್ಲದಿದ್ದರೆ ಆ ಕಾಗದದಿಂದ ಇನ್ನೆಷ್ಟು ಪ್ರಾಣಹಾನಿ ಆಗುತ್ತಿತ್ತೋ.

ಈ ಸಭೆಯ ಸದಸ್ಯೆ ಗ್ಲೋರಿಯಾ ಜಾನ್ಸನ್ ನಿವೃತ್ತ ಶಿಕ್ಷಕಿ. 2008ರಲ್ಲಿ ನಾಕ್ಸ್‌ವಿಲ್‌ನ ತಮ್ಮದೇ ಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಗುಂಡೇಟಿಗೆ ಬಲಿಯಾದಾಗ ಅಲ್ಲಿದ್ದವರು. ಅಂಥವರಿಗೆ ಸಭೆ ಕೊಟ್ಟ ಗೌರವ ನೋಡಿ: 2021ರಲ್ಲಿ ಕಿಟಕಿಯಿಲ್ಲದ ಪುಟ್ಟ ಕೋಣೆಯನ್ನು ಕಚೇರಿಯೆಂದು ಕೊಟ್ಟರು. ಅದನ್ನು ಪ್ರತಿಭಟಿಸಿ ಅವರು ತಮ್ಮ ಮೇಜನ್ನು ಕಟ್ಟಡದ ಮೊಗಸಾಲೆಗೆ ತಂದಿಟ್ಟುಕೊಂಡರು. ಜನಸಂಪರ್ಕಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಉಂಟೇ? ನ್ಯಾಶ್‌ವಿಲ್ ಹತ್ಯೆಯ ಬಳಿಕ ಬಂದೂಕು ನಿಯಂತ್ರಣಕ್ಕೆ ಒತ್ತಾಯಿಸಿ ಇಬ್ಬರು ತರುಣ ಶಾಸಕರ ಜೊತೆ ಸದನದ ಮುಂಭಾಗದಲ್ಲಿ ನಿಂತರು. ಸಭಾಮರ್ಯಾದೆಗೆ ಗಾಯವಾಯಿತು. ಗುಂಡಿನ ಗಾಯಕ್ಕೆ ಸಂತಾಪ ಸಾಕಾಗುತ್ತದೆ, ಮರ್ಯಾದೆಯ ಗಾಯಕ್ಕೆ ಉಚ್ಚಾಟನೆಯೇ ಆಗಬೇಕು. 2023ರ ಏಪ್ರಿಲ್ 6ರಂದು ಆ ಇಬ್ಬರು ತರುಣರನ್ನು ಹೊರಗಟ್ಟಿದರು. ಜಾನ್ಸನ್ ಒಂದೇ ಮತದಿಂದ ಉಳಿದುಕೊಂಡರು. ತರುಣರು ಕಪ್ಪುವರ್ಣೀಯರು, ತಾನು ಬಿಳಿಯಳು ಎಂಬುದೇ ಕಾರಣವಿರಬಹುದು ಎಂದು ಅವರೇ ಹೇಳಿದರು. ಹೊರಗೆ ಹೋದ ಇಬ್ಬರೂ ವಾರದೊಳಗೆ ಸ್ಥಳೀಯ ಮಂಡಳಿಗಳ ಕೃಪೆಯಿಂದ ಮರಳಿ ಬಂದು ಕುಳಿತದ್ದು ಬೇರೆ ಮಾತು.

ಹೆಣ್ಣುಮಕ್ಕಳಿಗೆ ಬಂದೂಕಿನ ವಿಷಯ ಗೊತ್ತಿಲ್ಲ ಎಂಬುದು ಅಮೆರಿಕದ ರಾಜಕಾರಣದ ಹಳೆಯ ಶಾಸ್ತ್ರ. 1993ರಲ್ಲಿ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಸೆನೆಟರ್ ಲ್ಯಾರಿ ಕ್ರೇಗ್, ಕ್ಯಾಲಿಫೋರ್ನಿಯದ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಅವರು ಶಸ್ತ್ರಾಸ್ತ್ರಗಳ ಪರಿಚಯವನ್ನು ಇನ್ನಷ್ಟು ಮಾಡಿಕೊಳ್ಳಬೇಕು ಎಂದು ಬುದ್ಧಿ ಹೇಳಿದರು. ಪರಿಚಯ ಆಗಿಯೇ ಇತ್ತು. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಟಿ ಹಾಲ್‌ನಲ್ಲಿ ಹತ್ಯೆಯಾದ ಸಹೋದ್ಯೋಗಿ ಹಾರ್ವೆ ಮಿಲ್ಕ್ ಅವರ ನಾಡಿ ಹುಡುಕಲು ಹೋದಾಗ ಫೈನ್‌ಸ್ಟೈನ್ ಅವರ ಬೆರಳು ಇಳಿದದ್ದು ಗುಂಡಿನ ರಂಧ್ರದೊಳಗೆ. ಮೇಯರ್ ಕೂಡ ಅದೇ ದಿನ ಹತರಾದ್ದರಿಂದ ಇವರು ಮೇಯರ್ ಆದರು. ಇದಕ್ಕಿಂತ ಹೆಚ್ಚಿನ ತರಬೇತಿಯನ್ನು ಕ್ರೇಗ್ ಎಲ್ಲಿ ಪಡೆದಿದ್ದರೋ ತಿಳಿಯದು. ಆಕ್ರಮಣಕಾರಿ ಬಂದೂಕುಗಳ ಮೇಲೆ ಫೈನ್‌ಸ್ಟೈನ್ ಹಟ ಹಿಡಿದು ತಂದ ನಿಷೇಧ 1994ರಲ್ಲಿ ಜಾರಿಯಾಗಿ, ಹತ್ತು ವರ್ಷಕ್ಕೆ ಅವಧಿ ಮುಗಿಸಿಕೊಂಡಿತು. ಹಾಲಿನ ಪೊಟ್ಟಣದಂತೆ ಕಾನೂನಿಗೂ ಕೊನೆಯ ದಿನಾಂಕ ಹಾಕಿಟ್ಟಿದ್ದರು.

ಜಾರ್ಜಿಯದ ಲೂಸಿ ಮೆಕ್‌ಬಾತ್, ಕಾರಿನ ಸಂಗೀತದ ಸದ್ದಿನ ಜಗಳದಲ್ಲಿ ಗುಂಡಿಗೆ ಮಗನನ್ನು ಕಳೆದುಕೊಂಡು ರಾಜಕೀಯಕ್ಕೆ ಬಂದವರು. ಅವರು 2018ರಲ್ಲಿ ಅಮೆರಿಕದ ಸಂಸತ್ತಿಗೆ ಗೆದ್ದ ಕ್ಷೇತ್ರದ ಗಡಿಯನ್ನೇ ರಾಜ್ಯದವರು ಬದಲಿಸಿದರು. ಪಕ್ಕದ ಕ್ಷೇತ್ರಕ್ಕೆ ಹೋಗಿ ಗೆದ್ದರು. ನಕ್ಷೆ ಮತ್ತೆ ಬದಲಾಯಿತು, ಮತ್ತೆ ಗೆದ್ದರು. ಭೂಗೋಳ ಸೋತಿತು.

ಟೆನೆಸಿಯವರು ಸುಮ್ಮನೆ ಕುಳಿತಿಲ್ಲ. ತರಬೇತಿ ಪಡೆದ ಶಿಕ್ಷಕರು ಬಂದೂಕು ಬಚ್ಚಿಟ್ಟುಕೊಂಡು ಪಾಠ ಮಾಡಬಹುದೆಂದು 2024ರಲ್ಲಿ ಕಾನೂನು ಮಾಡಿದರು. ಆ ಶಿಕ್ಷಕರು ಯಾರೆಂದು ತಂದೆತಾಯಿಗೆ ಹೇಳುವಂತಿಲ್ಲ. ಗಣಿತದ ಮೇಷ್ಟರ ಕೋಟಿನೊಳಗೆ ಉಬ್ಬಿರುವುದು ಕನ್ನಡಕದ ಡಬ್ಬಿಯೋ ಮತ್ತೊಂದೋ ಎಂಬ ಲೆಕ್ಕವನ್ನು ಮಕ್ಕಳೇ ಬಿಡಿಸಿಕೊಳ್ಳಬೇಕು.