ಬ್ಯಾಂಡಿನ ಹೆಸರಷ್ಟೇ ಸಾಲದು
ಸೇನಾ ವಾದ್ಯಗಾರರ ಧ್ವನಿಮುದ್ರಣಗಳನ್ನಷ್ಟೇ ಹೊರತರುವ ಸಣ್ಣ ಸಂಗೀತ ಕಂಪನಿ ಲಾಭವಿಲ್ಲದೆಯೂ ಉಳಿಯಬೇಕೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕೇಳಿದ್ದಾರೆ. ಉಳಿಯಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ದೆಹಲಿಯ ವಿಜಯ ಚೌಕದಲ್ಲಿ ಜನವರಿ 29ರ ಸಂಜೆ ನಡೆಯುವ, ಗಣರಾಜ್ಯೋತ್ಸವಕ್ಕೆ ತೆರೆ ಎಳೆಯುವ ಸೇನಾ ಬ್ಯಾಂಡುಗಳ ಸಮಾರಂಭವಾದ ಬೀಟಿಂಗ್ ರಿಟ್ರೀಟ್‌ನಲ್ಲಿ ದಶಕಗಳ ಕಾಲ ಕೇಳಿಬರುತ್ತಿದ್ದ ‘ಅಬೈಡ್ ವಿತ್ ಮಿ’ ಎಂಬ ಕ್ರೈಸ್ತ ಪ್ರಾರ್ಥನಾಗೀತೆಯನ್ನು 2022ರಲ್ಲಿ ಕೈಬಿಟ್ಟು, ಅದರ ಜಾಗಕ್ಕೆ ‘ಏ ಮೇರೆ ವತನ್ ಕೆ ಲೋಗೋ’ ತರಲಾಯಿತು. ಆ ತೀರ್ಮಾನದ ಸರಿತಪ್ಪು ಬೇರೆಯ ಮಾತು. ಆದರೆ ಬ್ಯಾಂಡಿನ ಸದ್ದಿಗೆ ದೂರದ ಗಂಟೆಗಳು ಮೆಲ್ಲಗೆ ಓಗೊಡುತ್ತಿದ್ದ ಆ ಕ್ಷಣವನ್ನು ಕೇಳಬೇಕೆಂದರೆ ಈಗ ಹಳೆಯ ಧ್ವನಿಮುದ್ರಣಗಳನ್ನೇ ಹುಡುಕಬೇಕು.

ಮಧ್ಯಪ್ರದೇಶದ ಪಚ್‌ಮಢಿಯ ಸೇನಾ ಸಂಗೀತ ವಿಭಾಗದಲ್ಲಿ ಶ್ರಮಪಟ್ಟು ಕಲಿಯುವ, ಯುದ್ಧದ ಹೊತ್ತಿನಲ್ಲಿ ವಾದ್ಯ ಕೆಳಗಿಟ್ಟು ಗಾಯಾಳುಗಳ ಸ್ಟ್ರೆಚರ್ ಹೊರುವ ಈ ಸೈನಿಕರ ಹೆಸರುಗಳು ನಾನು ಸಂಗ್ರಹಿಸಿರುವ ಕ್ಯಾಸೆಟ್, ಸಿ.ಡಿ.ಗಳ ಹೊದಿಕೆಯಲ್ಲಿ ಎಲ್ಲಿಯೂ ಇಲ್ಲ. ರೆಜಿಮೆಂಟಿನ ಹೆಸರಿದೆ, ಕೆಲವೊಮ್ಮೆ ಬ್ಯಾಂಡ್‌ಮಾಸ್ಟರ್ ಹೆಸರೂ ಇದೆ. ಎಂಟು ಸಾಲಿನ ಕ್ಲಾರಿನೆಟ್ ಭಾಗವನ್ನು ಒಂದೇ ಉಸಿರಿನಂತೆ ನುಡಿಸಿದ ಹವಾಲ್ದಾರ ಯಾರೆಂದು ತಿಳಿಯುವುದಿಲ್ಲ. ಇಂತಹ ಕಂಪನಿಯನ್ನು ನಡೆಸುವವರು ಮೊದಲು ಮಾಡಬೇಕಾದ ಕೆಲಸ ಇದೇ: ನುಡಿಸಿದ ಪ್ರತಿಯೊಬ್ಬರ ಹೆಸರು, ವಾದ್ಯ, ಮುದ್ರಣದ ಸ್ಥಳ ಮತ್ತು ದಿನಾಂಕವನ್ನು, ಹಿರಿಯ ವಾದ್ಯಗಾರರು ನಮ್ಮೊಂದಿಗೆ ಇರುವಾಗಲೇ, ಅವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.